ಹೊಡೆತಕ್ಕೊಂದು ದಾರ

ಪಕ್ಕೆಲುಬಿನ ಹಾಗೆ ಬಾಗಿದ ಗುಡ್ಡಗಳ ಕೆಳಗೆ, ಬಲಮಗ್ಗುಲಿಗೆ, ಒಂದು ಊರಿತ್ತು. ಆ ಊರಿಗೆ ಹೆಸರಿರಲಿಲ್ಲ. ಹೆಸರಿಟ್ಟುಕೊಳ್ಳುವಷ್ಟು ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಮೇಲಿನ ಊರುಗಳು ತಿಂದು, ಕುಡಿದು, ಚೆಲ್ಲಿದ್ದೆಲ್ಲ ಕೆಂಪು ಕಾಲುವೆಯಲ್ಲಿ ಹರಿದು ಇಲ್ಲಿಗೇ ಬರುತ್ತಿತ್ತು. ಊರಿನವರು ಅದನ್ನು ಸೋಸುತ್ತಿದ್ದರು. ವಿಷವಿದ್ದರೆ ತೆಗೆದು ಊರಂಚಿನ ಹಸಿರು ಕಹಿಕೊಳಕ್ಕೆ ಸುರಿಯುತ್ತಿದ್ದರು. ಸಿಹಿಯಿದ್ದರೆ ಕಾಯಿಸಿ, ಅಚ್ಚಿಗೆ ಹೊಯ್ದು, ಬೆಲ್ಲ ಮಾಡಿ ಅಟ್ಟದ ಮೇಲಿಡುತ್ತಿದ್ದರು. ಮನೆಗೊಂದು ಒಲೆ, ಒಲೆಗೊಂದು ಅಚ್ಚು. ಮೇಲಿನ ಊರುಗಳಿಗೆ ಹಸಿವಾದಾಗ ಆ ಬೆಲ್ಲ ಕರಗಿ ವಾಪಸು ಹೋಗುತ್ತಿತ್ತು. ಒಂದು ದಿನವಾದರೂ ಯಾರೂ ‘ನೀವು ಹೇಗಿದ್ದೀರಪ್ಪಾ’ ಎಂದು ಕೇಳಿ ಕಳಿಸಿದ್ದಿಲ್ಲ. ದುಡಿಯುವವರನ್ನು ಬಿದ್ದ ಮೇಲೆ ತಾನೇ ಜನ ವಿಚಾರಿಸುವುದು!

ಆ ಊರಿಗೊಂದು ಕಟ್ಟಳೆ ಇತ್ತು. ಹೊಡೆತಕ್ಕೊಂದು ದಾರ.

ಕಾಲುವೆ ಊರೊಳಕ್ಕೆ ಬರುವ ಜಾಗದಲ್ಲಿ ನೀರಬಾಗಿಲು. ಅಲ್ಲಿ ಕಾವಲುಗಾರರು. ಪ್ರತಿಯೊಬ್ಬ ಕಾವಲುಗಾರನಿಗೂ ಚಿಕ್ಕಂದಿನಲ್ಲಿ ಒಂದೇ ಒಂದು ಮುಖವನ್ನು ಕಲಿಸುತ್ತಿದ್ದರು: ಈ ಮುಖ ಬಂದರೆ ಹೊಡಿ, ಬೇರೆ ಯಾರು ಬಂದರೂ ಸುಮ್ಮನಿರು. ಕಳ್ಳ ಮುಖದವನು ಬಯಲಲ್ಲಿ ನಿಲ್ಲುತ್ತಾನೆಯೆ? ಯಾವುದಾದರೂ ಮನೆಯೊಳಗೆ ನುಗ್ಗುತ್ತಾನೆ. ಅವನನ್ನು ಹೊಡೆಯಬೇಕೆಂದರೆ ಮನೆಯನ್ನೇ ಹೊಡೆಯಬೇಕು. ಮುಷ್ಟಿ ಬಿದ್ದಾಗ ಗೋಡೆ ಬೀಳುತ್ತಿತ್ತು, ಗೋಡೆಯ ಜೊತೆ ಮನೆಯವರೂ ಹೋಗುತ್ತಿದ್ದರು. ಕಾವಲಿನವರ ಸಿಟ್ಟು ಊರನ್ನೇ ನುಂಗಿಬಿಡಬಾರದೆಂದು ಒಂದೊಂದು ಹೊಡೆತ ಆದಮೇಲೂ ದಾರದಜ್ಜಿ ಬಂದು ಹೊಡೆದ ಕೈಯ ಬೆರಳುಗಳಿಗೆ ಒಂದೊಂದು ದಾರ ಸುತ್ತುತ್ತಿದ್ದಳು. ದಾರ ಹೆಚ್ಚಿದಷ್ಟೂ ಬೆರಳು ಮಡಚುವುದು ಕಷ್ಟ. ಕಳ್ಳ ಸತ್ತ ಮೇಲೆ ಎಲ್ಲರೂ ಕಹಿಕೊಳದ ದಡದಲ್ಲಿ ಸೇರುತ್ತಿದ್ದರು. ಅಜ್ಜಿ ದಾರವನ್ನೆಲ್ಲ ಕತ್ತರಿಸಿ, ಬರಿದಾದ ಅಂಗೈ ಮೇಲೆ ಬೆಲ್ಲದುಂಡೆ ಇಟ್ಟು, ‘ಮುಚ್ಚು’ ಎನ್ನುತ್ತಿದ್ದಳು. ಬೆಲ್ಲದ ಮೇಲೆ ಮುಷ್ಟಿ ಮುಚ್ಚಿದಾಗ ಜನ ‘ಕೈ ಮರಳಿತು’ ಎಂದು ಕೂಗಿ ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದರು.

ಒಳ್ಳೆಯ ಕಟ್ಟಳೆಯೇ, ಇಲ್ಲವೆನ್ನುವವರು ಯಾರು? ಕೆಮ್ಮಿಕೊಂಡು ಬಂದವನು, ಜ್ವರ ಹೊತ್ತು ಬಂದವನು, ಇಂಥವರೆಲ್ಲ ಬೇಗ ಬಂದು ಬೇಗ ಸತ್ತರು. ದಾರ ಸುತ್ತಿದ್ದಾಯಿತು, ದಾರ ಬಿಚ್ಚಿದ್ದಾಯಿತು. ಅದು ಸಣ್ಣ ಜಗಳಕ್ಕೆಂದು ಮಾಡಿದ ಕಟ್ಟಳೆ. ಮುಗಿಯದ ಜಗಳ ಬಂದರೆ ಏನು ಮಾಡಬೇಕೆಂದು ಅದನ್ನು ಮಾಡಿದ ಮಹಾನುಭಾವರು ಯಾರೂ ಯೋಚಿಸಿರಲಿಲ್ಲ.

ಆಮೇಲೆ ಬಂದವನೇ ಅವನು. ಅವನಿಗೆ ಊರಿನವರು ಬೇರೆ ಹೆಸರೇ ಇಡಲಿಲ್ಲ, ‘ಬಂದವನು’ ಎಂದೇ ಕರೆದರು. ಕೆಮ್ಮಲಿಲ್ಲ, ಕೂಗಲಿಲ್ಲ, ಬಾಗಿಲು ಒಡೆಯಲಿಲ್ಲ. ಸಭ್ಯಸ್ಥನ ಹಾಗೆ ಒಳಗೆ ಬಂದು ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಮನೆಯವರು ಬೆಲ್ಲ ಹೊಯ್ಯುವ ಅಚ್ಚಿನಲ್ಲಿ ತನ್ನನ್ನೇ ತಾನು ಹೊಯ್ದುಕೊಂಡ. ಅಚ್ಚಿನಿಂದ ಇನ್ನೊಬ್ಬ ಎದ್ದ. ಆ ಇನ್ನೊಬ್ಬ ಪಕ್ಕದ ಮನೆಗೆ ಹೋದ. ಹೊಯ್ದಾಗೆಲ್ಲ ಮೂಗು ಒಂದಿಷ್ಟು ಉದ್ದ, ಕಿವಿ ಒಂದಿಷ್ಟು ಕೆಳಗೆ; ಆದರೂ ಅವನೇ. ಊರ ತುಂಬ ಅವನೇ.

ಈ ಕತೆಯ ಕಾವಲುಗಾರ್ತಿಗೆ ಚಿಕ್ಕಂದಿನಲ್ಲಿ ಕಲಿಸಿದ್ದು ಇವನ ಮುಖವನ್ನು. ಮೂಗು ಎಷ್ಟೇ ಉದ್ದವಾಗಲಿ, ಹುಬ್ಬುಗಳ ನಡುವಿನ ಜಾಗ ನೋಡಿದರೆ ಅವಳಿಗೆ ತಿಳಿಯುತ್ತಿತ್ತು. ಅದೊಂದನ್ನು ಅವನು ಬದಲಿಸಲಾರದವನಾಗಿದ್ದ. ಅವಳು ಹೊಡೆದಳು. ಮನೆ ಬಿತ್ತು. ಅಜ್ಜಿ ದಾರ ಸುತ್ತಿದಳು. ಅವಳು ಹೊಡೆದಳು. ಮನೆ ಬಿತ್ತು. ಅಜ್ಜಿ ದಾರ ಸುತ್ತಿದಳು. ಊರಿನವರು ಬಿದ್ದ ಗೋಡೆಗೆ ಗಾರೆ ಮೆತ್ತಿದರು, ಮೆತ್ತಿದ್ದರ ಮೇಲೆ ಮತ್ತೆ ಮೆತ್ತಿದರು. ಗೋಡೆಗಳು ದಪ್ಪವಾಗಿ ಬೀದಿಗಳು ಸಣ್ಣವಾದವು. ಇತ್ತ ಒಂದು ಮನೆ ಬೀಳುವಷ್ಟರಲ್ಲಿ ಅತ್ತ ಹತ್ತು ಅಚ್ಚುಗಳಿಂದ ಅವನು ಮೈ ಒದರಿಕೊಂಡು ಎದ್ದಿರುತ್ತಿದ್ದ.

“ಕೈ ಕೊಡು ಮಗಳೇ,” ಎನ್ನುತ್ತಿದ್ದಳು ದಾರದಜ್ಜಿ. ಅವಳ ದನಿ ಯಾವಾಗಲೂ ಮೆತ್ತಗೆ. ಕಾವಲುಗಾರ್ತಿಯನ್ನು ಕೂಸಿನಿಂದ ಸಾಕಿದವಳು ಅವಳೇ.

“ಅವನು ಇನ್ನೂ ಒಳಗೇ ಇದಾನೆ ಅಜ್ಜಿ. ಈಗ ಕಟ್ಟಿದ್ರೆ ನಾನು ಹೊಡೆಯೋದು ಹ್ಯಾಗೆ?”

“ಹೊಡೆದೆಯಲ್ಲ, ಕಟ್ಟಲೇಬೇಕು. ಕಟ್ಟದೆ ಬಿಟ್ರೆ ಊರನ್ನೇ ಬೀಳಿಸ್ತೀಯ.”

“ಬೀಳಿಸ್ತಿರೋನು ಅವನು!”

“ಅವನು ಅಚ್ಚು ಕದೀತಿದಾನೆ. ಗೋಡೆ ಬೀಳಿಸ್ತಿರೋಳು ನೀನು. ಮೂಲೆಮನೆ ಮುದುಕಪ್ಪ ಯಾರ ಕೈಲಿ ಹೋದ, ನೀನೇ ಹೇಳು.”

ಅಜ್ಜಿ ಹೇಳಿದ್ದು ನಿಜವಾಗಿತ್ತು. ಸುಳ್ಳು ಹೇಳಿದವರ ಮೇಲೆ ಬರುವ ಸಿಟ್ಟು ಬೈದು ಮುಗಿಯುತ್ತದೆ. ನಿಜ ಹೇಳಿದವರ ಮೇಲೆ ಬರುವ ಸಿಟ್ಟನ್ನು ಎಲ್ಲಿಗೆ ಒಯ್ಯುವುದು? ಕಾವಲುಗಾರ್ತಿ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕೈ ಚಾಚಿದಳು.

ಹಾಗೆ ವರ್ಷಗಳು ಹೋದವು. ಮೊದಮೊದಲು ಅವಳ ಬೆರಳು ಮಡಚುವುದು ತಡವಾಯಿತು. ಆಮೇಲೆ ಅರ್ಧ ಮಡಚಿದವು. ಆಮೇಲೆ ದಾರ ಎಷ್ಟು ದಪ್ಪವಾಯಿತೆಂದರೆ ಅವಳ ಬಲಗೈ ನೂಲಿನ ಒಂದು ದೊಡ್ಡ ಉಂಡೆಯಾಗಿ ತೋಳಿನ ತುದಿಯಲ್ಲಿ ತೂಗಾಡಿತು. ಬಂದವನು ಅವಳ ಮುಂದೆಯೇ, ಅವಳಿಗೆ ನಮಸ್ಕಾರ ಬೇರೆ ಹೇಳಿ, ಮನೆಯಿಂದ ಮನೆಗೆ ಹೋಗತೊಡಗಿದ. ಅವಳು ನೋಡಿದಳು. ಗುರುತು ಹಿಡಿದಳು. ತೋಳೆತ್ತಿದಳು. ನೂಲಿನುಂಡೆ ಗೋಡೆಗೆ ಮೆತ್ತಗೆ ಬಡಿದು ಹಿಂದಕ್ಕೆ ಬಂತು.

ನೀರಬಾಗಿಲ ಹತ್ತಿರದ ಮೊದಲ ಮನೆ ಒಲೆಯಾಕೆಯದು. ಅವಳ ಒಲೆಯ ಬಳಿಯೇ ಬಂದವನು ವರ್ಷಾನುಗಟ್ಟಲೆ ಬಿಡಾರ ಹೂಡಿದ್ದ. ಒಂದು ದಿನ ಕಾವಲುಗಾರ್ತಿ ಆ ಮನೆಯ ಗೋಡೆಗೆ ತನ್ನ ಬಲವನ್ನೆಲ್ಲ ಹಾಕಿ ಹೊಡೆದಿದ್ದಳು, ಗೋಡೆ ಕದಲಲಿಲ್ಲ. ಒಲೆಯಾಕೆ ಅದನ್ನು ಬೇರೆಯೇ ರೀತಿ ತಿಳಿದುಕೊಂಡಳು. ಅವತ್ತಿನಿಂದ ದಿನವೂ ಬಂದು, ಬೆರಳು ದಾರದಲ್ಲಿ ಹೂತುಹೋದ ಕಾವಲುಗಾರ್ತಿಯ ಬಾಯಿಗೆ ತಾನೇ ಬೆಲ್ಲ ಇಟ್ಟು ಹೋಗುತ್ತಿದ್ದಳು.

“ನೀವು ಮನಸ್ಸು ಮಾಡಿದ್ರೆ ನನ್ನ ಮನೆ ಉಳೀತಿತ್ತಾ ಕಾವಲಕ್ಕ? ಕರುಣೆ ಇಟ್ಟು ಮೆತ್ತಗೆ ತಟ್ಟಿದ್ರಿ. ನಾನು ಬದುಕಿರೋದು ನಿಮ್ಮಿಂದ.”

ಕಾವಲುಗಾರ್ತಿ ಬೆಲ್ಲ ಅಗಿದಳು. ಕರುಣೆಯಂತೆ ಕರುಣೆ! ಆ ದಿನ ಅವಳ ಮನಸ್ಸಿನಲ್ಲಿ ಕರುಣೆಯ ಚೂರೂ ಇರಲಿಲ್ಲ. ಇದ್ದದ್ದು ಅವನ ಹುಬ್ಬುಗಳ ನಡುವಿನ ಜಾಗ ಮಾತ್ರ. ಆದರೆ ಬಾಯಿಯಲ್ಲಿ ಬೆಲ್ಲ ಇರುವಾಗ ಯಾರು ತಾನೆ ನಿಜ ಹೇಳುತ್ತಾರೆ?

ಇನ್ನು ಕೆಲವು ಕಾವಲುಗಾರರಿದ್ದರು. ಬಂದವನು ಮೊದಲ ದಿನಗಳಲ್ಲೇ ಬದಲಿಸಿಬಿಟ್ಟ ಮೂಗು, ಬಿಸಾಕಿಬಿಟ್ಟ ಗಲ್ಲ, ಅವರು ಕಲಿತದ್ದು ಅವನ್ನು. ಅಂಥ ಮುಖ ಈಗ ಊರಿನಲ್ಲೇ ಇರಲಿಲ್ಲ. ಅವರು ಹೊಡೆಯಲಿಲ್ಲ, ಹಾಗಾಗಿ ಕಟ್ಟಿಸಿಕೊಳ್ಳಲೂ ಇಲ್ಲ. ಕಟ್ಟೆಯ ಮೇಲೆ ಕೂತು ಚೌಕಾಬಾರ ಆಡುತ್ತಿದ್ದರು. ಅವರ ಕೈಗಳು ಕಲ್ಲಿನಂತಿದ್ದವು. ಏನು ಪ್ರಯೋಜನ? ಎದುರಿಗೇ ಬಂದವನು ಹಾದುಹೋದರೂ, “ಯಾರೋ ಪಾಪ, ಒಳ್ಳೆ ಮನುಷ್ಯ,” ಎಂದು ಕವಡೆ ಹಾಕುತ್ತಿದ್ದರು.

ಊರಿಗೊಂದು ನಗಾರಿಯೂ ಇತ್ತು. ಅಪಾಯ ಬಂದರೆ ನಗಾರಿ ಬಾರಿಸಬೇಕು, ಅಪಾಯ ಹೋದರೆ ನಿಲ್ಲಿಸಬೇಕು. ಅಪಾಯ ಹೋಗಲಿಲ್ಲ, ನಗಾರಿ ನಿಲ್ಲಲಿಲ್ಲ. ಬಾರಿಸುವವರು ಸರದಿಯ ಮೇಲೆ ಬಾರಿಸಿದರು. ಬರಬರುತ್ತ ಆ ಸದ್ದು ಯಾರ ಕಿವಿಗೂ ಬೀಳದಂತಾಯಿತು. ಆಮೇಲೆ ಹುಟ್ಟಿದ ಮಕ್ಕಳಂತೂ ಅದು ಆಕಾಶದ್ದೇ ಸದ್ದು ಎಂದುಕೊಂಡವು. ಬೆಂಕಿ ಬಿದ್ದರೂ ಅದೇ ಸದ್ದು, ಮದುವೆಯಾದರೂ ಅದೇ ಸದ್ದು. ಎಲ್ಲಕ್ಕೂ ಬಾರಿಸುವ ನಗಾರಿ ಯಾವುದನ್ನು ತಾನೆ ಹೇಳೀತು?

ಊರ ಯಜಮಾನ ಇದಕ್ಕೆಲ್ಲ ಒಂದು ಮಾತು ಕಲಿತಿದ್ದ. “ಹೊಂದಿಕೊಂಡು ಹೋಗ್ಬೇಕು,” ಎನ್ನುತ್ತಿದ್ದ. ಅವನ ಮನೆಯಲ್ಲೂ ಬಂದವನಿದ್ದ, ಅವನ ಅಚ್ಚಿನಲ್ಲೂ ಬಂದವನು ಏಳುತ್ತಿದ್ದ. ಬೀದಿ ಇಕ್ಕಟ್ಟಾಗಿ ಎದುರುಬದುರು ಬಂದವರು ಮೈ ಓರೆ ಮಾಡಿಕೊಂಡು ದಾಟುವಾಗಲೂ ಯಜಮಾನ ಹೊಟ್ಟೆ ಒಳಗೆಳೆದುಕೊಂಡು ಅದನ್ನೇ ಹೇಳಿದ. ಕಾವಲುಗಾರ್ತಿ ಆ ಮಾತು ಕೇಳಿದಾಗಲೆಲ್ಲ ನೆಲಕ್ಕೆ ಉಗಿದಳು.

ಆಮೇಲೆ ದೋಣಿಯವರು ಬಂದರು.

ಅವರು ಎಲ್ಲಿಯವರೋ ಗೊತ್ತಿಲ್ಲ. ಬಾಯಿಯ ಕಡೆಯಿಂದ, ಹೊಟ್ಟೆಯ ಕಡೆಯಿಂದ, ಮೇಲಿನ ಊರುಗಳನ್ನು ಹಾದು, ಕಾಲುವೆಯಿಂದ ಕಾಲುವೆಗೆ ದಾಟಿ ಒಂದು ಬೆಳಿಗ್ಗೆ ನೀರಬಾಗಿಲಿಗೆ ದೋಣಿ ಹಚ್ಚಿದರು. ಅವರ ಕೈಯಲ್ಲಿ ಕತ್ತಿಯಿಲ್ಲ, ಕೋಲಿಲ್ಲ. ಬೂದುಬಣ್ಣದ ಲೇಪ ತುಂಬಿದ ಗಡಿಗೆಗಳು ಮಾತ್ರ. ಅವರ ಮುಂದಾಳು ಒಬ್ಬ ಹೆಂಗಸು, ಮೊಣಕೈಯವರೆಗೂ ಬೂದು ಮೆತ್ತಿಕೊಂಡವಳು. ಮನೆಮನೆಗೆ ಹೋದರು, ಅಚ್ಚುಗಳನ್ನು ಕೇಳಿದರು, ಅಚ್ಚಿನೊಳಗೆ ಲೇಪ ಸವರಿದರು, ಮುಂದಿನ ಮನೆಗೆ ಹೋದರು.

“ಇಷ್ಟೇನಾ?” ಎಂದಳು ಕಾವಲುಗಾರ್ತಿ. “ನೀವು ಹೊಡೆಯೋದಿಲ್ವಾ?”

“ನಮಗೆ ಹೊಡೆಯೋದು ಬರೋದಿಲ್ಲಮ್ಮ,” ಎಂದಳು ದೋಣಿಯ ಹೆಂಗಸು, ಕೆಲಸ ಬಿಡದೆ. “ಈ ಅಚ್ಚಿನಲ್ಲಿ ಬೆಲ್ಲ ಕೂತ್ಕೊಳುತ್ತೆ, ಅವನು ಕೂತ್ಕೊಳಲ್ಲ. ಅಷ್ಟೇ. ಹೊಸಬ ಹುಟ್ಟೋದಿಲ್ಲ. ಇರೋನು ಮುದುಕನಾಗಿ ತಾನೇ ಹೋಗ್ತಾನೆ. ಗೋಡೆ ಬೀಳೋದಿಲ್ಲ.”

ಕಾವಲುಗಾರ್ತಿ ನಂಬಲಿಲ್ಲ. ಒಲೆಯಾಕೆಯ ಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. ಬಂದವನು ಎಂದಿನಂತೆ ಅಚ್ಚಿಗೆ ತನ್ನನ್ನು ಹೊಯ್ದ. ಕಾದ. ಅಚ್ಚು ಬೋರಲು ಹಾಕಿದಾಗ ಕೈಯಿಲ್ಲದ, ಮುಖವಿಲ್ಲದ ಒಂದು ಮುದ್ದೆ ಬಿತ್ತು. ಮತ್ತೆ ಹೊಯ್ದ, ಮತ್ತೆ ಮುದ್ದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಆಗ ಅವಳು ಎಂದೂ ಕಾಣದ್ದನ್ನು ಕಂಡಳು: ಬಂದವನ ಕೂದಲು ನರೆತಿತ್ತು.

ಮನೆಗಳಲ್ಲಿ ಬಂದವನು ಒಬ್ಬೊಬ್ಬನಾಗಿ ಕುಸಿದ. ಗೋಡೆಗೆ ಒರಗಿಕೊಂಡೇ ಸತ್ತ, ಒಲೆಯ ಮುಂದೆ ತೂಕಡಿಸುತ್ತ ಸತ್ತ. ಎತ್ತಿ ಕಹಿಕೊಳಕ್ಕೆ ಹಾಕಿದರು. ಎಲ್ಲರೂ ಕುಣಿದರು. ಕಾವಲುಗಾರ್ತಿಯ ಮೈಯೆಲ್ಲ ಉರಿಯಿತು. ಅವನು ಸಾಯಲೇಬೇಕಿತ್ತು, ಆದರೆ ಅವಳ ಕೈಯಲ್ಲಿ ಸಾಯಬೇಕಿತ್ತು. ತನ್ನ ಆಯಸ್ಸನ್ನೆಲ್ಲ ಸವೆಸಿದ್ದು ಆ ಒಂದು ಮುಖಕ್ಕಾಗಿ. ಅದು ಯಾರೋ ಸವರಿದ ಬೂದು ಲೇಪಕ್ಕೆ ಸದ್ದಿಲ್ಲದೆ ಹೋಯಿತು. ಅವನ ಮೇಲೆ ಸಿಟ್ಟು ಬಂತು, ದೋಣಿಯವರ ಮೇಲೆ ಬಂತು, ದಾರದ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಕುಣಿಯುತ್ತಿದ್ದವರ ಮೇಲೆ ಬಂತು.

ಕಡೆಯವನೂ ಹೋದ ದಿನ ನಗಾರಿ ನಿಂತಿತು. ಜನ ಬೀದಿಗೆ ಬಂದು ಆಕಾಶ ನೋಡಿದರು. ಮಕ್ಕಳು ಹೆದರಿ ಅತ್ತವು. ಸ್ವಲ್ಪ ಹೊತ್ತಾದ ಮೇಲೆ ನೀರು ಹರಿಯುವುದು ಕೇಳಿತು, ಬೆಲ್ಲ ಕುದಿಯುವುದು ಕೇಳಿತು, ಪಕ್ಕದ ಮನೆಯವರು ಬೈದುಕೊಳ್ಳುವುದೂ ಕೇಳಿತು. ಗೋಡೆಗಳ ಗಾರೆ ಅಲ್ಲಲ್ಲಿ ಉದುರಿ ಕೆಲವು ಬೀದಿಗಳು ಅಗಲವಾದವು. ಹಳೆಯ ಗಾರೆ ಮಾತ್ರ ಕಲ್ಲಾಗಿ ಹೋಗಿತ್ತು, ಅದು ಹಾಗೆಯೇ ಉಳಿಯಿತು.

ಕಹಿಕೊಳದ ದಡದಲ್ಲಿ ದಾರ ಬಿಚ್ಚುವ ದಿನ ಬಂತು. ಯಜಮಾನ ಎತ್ತರದ ಕಲ್ಲಿನ ಮೇಲೆ ನಿಂತು ಮಾತಾಡಿದ. ದೋಣಿಯವರ ಸುದ್ದಿ ಅವನ ಬಾಯಲ್ಲಿ ಬರಲೇ ಇಲ್ಲ. “ಗೆದ್ದೋರು ನಾವು! ಗೆದ್ದಿದ್ದು ಈ ಕೈ!” ಎಂದು ಕಾವಲುಗಾರ್ತಿಯ ನೂಲಿನುಂಡೆಯನ್ನು ಮೇಲಕ್ಕೆತ್ತಿ ತೋರಿಸಿದ. ಹೊರಗಿನವರು ಉಳಿಸಿದರು ಎಂದರೆ ಊರಿಗೆ ಮರ್ಯಾದೆಯೆ? ಜನ ಹೋ ಎಂದರು.

ದಾರದಜ್ಜಿ ಕತ್ತರಿಸಿದಳು. ದಾರ ಕಂತೆಕಂತೆಯಾಗಿ ಬಿತ್ತು. ಒಳಗಿಂದ ಹೊರಬಂದ ಕೈ ಬಿಳಿಚಿತ್ತು, ಬೆರಳುಗಳ ಮೇಲೆ ದಾರ ಕೊರೆದ ಗೀರುಗಳು ಸುತ್ತಲೂ ಇದ್ದವು. ಅಜ್ಜಿ ಅಂಗೈ ಮೇಲೆ ಬೆಲ್ಲದುಂಡೆ ಇಟ್ಟಳು.

“ಮುಚ್ಚು ಮಗಳೇ.”

ಅವಳು ಮುಚ್ಚಹೋದಳು. ಬೆರಳುಗಳು ಅರ್ಧ ದಾರಿ ಬಂದು ನಿಂತವು. ಅವಳು ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದುಕೊಂಡಳು. ಅರ್ಧ ದಾರಿ, ಅಷ್ಟೇ. ಬೆಲ್ಲ ಬೀಳುವುದರಲ್ಲಿತ್ತು. ಊರೆಲ್ಲ ನೋಡುತ್ತಿತ್ತು, ಒಲೆಯಾಕೆ ಗುಂಪಿನ ಮುಂದೆ ನಿಂತು ಕಣ್ಣು ತುಂಬಿಕೊಂಡಿದ್ದಳು. ಕಾವಲುಗಾರ್ತಿ ಅಂಗೈಯನ್ನು ಸರಕ್ಕನೆ ಎದೆಗೆ ಒತ್ತಿಕೊಂಡಳು. ಬೆಲ್ಲ ಎದೆಗೂ ಅಂಗೈಗೂ ನಡುವೆ ಸಿಕ್ಕಿ ನಿಂತಿತು. ದೂರದಿಂದ ನೋಡಿದವರಿಗೆ ಅದು ಮುಷ್ಟಿಯಾಗಿಯೇ ಕಂಡಿತು.

“ಕೈ ಮರಳಿತು!” ಎಂದು ಊರು ಕೂಗಿತು.

ಅಜ್ಜಿ ಮಾತ್ರ ಹತ್ತಿರ ಇದ್ದಳು, ಅವಳು ಕಂಡಳು. ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ದಾರದ ಚೂರುಗಳನ್ನು ಆಯತೊಡಗಿದಳು. ಒಂದು ಸುಳ್ಳನ್ನು ಇಬ್ಬರು ಹೊತ್ತರೆ ಅದು ಹಗುರವಾಗುತ್ತದೆ ಎಂದು ಇಬ್ಬರೂ ಅಂದುಕೊಂಡಿರಬೇಕು. ಆಗಲಿಲ್ಲ.

ಆಮೇಲೆ ಯಜಮಾನನ ಕೈಗೆ ಪುರಸೊತ್ತು ಸಿಕ್ಕಿತು. ಪುರಸೊತ್ತಾದ ಯಜಮಾನನಿಗಿಂತ ದೊಡ್ಡ ಅಪಾಯ ಊರಿಗೆ ಬೇಡ. ಲೇಪದಿಂದ ಬೆಲ್ಲಕ್ಕೆ ಬೂದುಬಣ್ಣ ಬರುತ್ತದೆ, ನೋಡಲು ಚೆನ್ನಾಗಿಲ್ಲ ಎಂದು ಎಲ್ಲ ಅಚ್ಚುಗಳನ್ನೂ ತಿಕ್ಕಿ ತೊಳೆಸಿದ. ನಗಾರಿಯವರನ್ನು ಸೋಸುವ ಕೆಲಸಕ್ಕೆ ಹಚ್ಚಿ, ಬಡಿಯುವ ಕೋಲುಗಳನ್ನು ಕಾಲುವೆಗೆ ತೇಲಿಬಿಟ್ಟ. ನಗಾರಿಯನ್ನು ನೀರಬಾಗಿಲ ಪಕ್ಕ ಇಟ್ಟು ಹೂವು ಮುಡಿಸಿದ. ಅದರ ಪಕ್ಕದಲ್ಲಿ ಒಂದು ಮಣೆ ಹಾಕಿಸಿ ಕಾವಲುಗಾರ್ತಿಯನ್ನು ಕೂರಿಸಿದ. ಹೋಗುವವರು ಬರುವವರು ಗೆದ್ದ ಕೈಯನ್ನು ಸೆರಗಿನ ಮೇಲಿಂದಲೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು.

ದೋಣಿಯ ಹೆಂಗಸು ಹೊರಡುವ ಮೊದಲು ಅವಳ ಹತ್ತಿರ ಬಂದಳು. ಒಂದು ಗಡಿಗೆ ಲೇಪವನ್ನು ಅವಳ ಕಾಲ ಬಳಿ ಇಡಹೋದರೆ ಯಜಮಾನ ಅಡ್ಡ ಬಂದ.

“ಅದೆಲ್ಲ ಇನ್ನೇನಕ್ಕೆ? ಬಾಗಿಲಲ್ಲಿ ಅಶುಭ. ನಮ್ಮ ಕಾವಲಿದೆ.”

ದೋಣಿಯ ಹೆಂಗಸು ಸೆರಗಿನ ಕಡೆ ನೋಡಿದಳು. “ನಾವು ಅಚ್ಚಿಗೆ ಲೇಪ ಹಚ್ಚಿದ್ವಿ, ಅಷ್ಟೇ. ಅವನನ್ನು ಗೆಲ್ಲೋದು ಇಲ್ಲಿ ಯಾರೂ ಕಲೀಲಿಲ್ಲ. ಕಾಲುವೆ ಹರೀತಿರೋವರೆಗೂ ಅವನು ಮತ್ತೆ ಬರಬಹುದು. ನಿನ್ನ ಕೈ ತೋರಿಸಮ್ಮ.”

ಈಗ ಹೇಳಬಹುದಿತ್ತು. ಯಜಮಾನ ಅವಳನ್ನೇ ನೋಡಿ ನಗುತ್ತಿದ್ದ, ಅಜ್ಜಿ ಅತ್ತ ಮುಖ ತಿರುಗಿಸಿದ್ದಳು. ಕಾವಲುಗಾರ್ತಿಗೆ ಆ ಬೂದುಗೈಯವಳ ಮೇಲೆ ತಡೆಯಲಾಗದ ಸಿಟ್ಟು ಬಂತು. ನಾನು ಕಲಿತ ಮುಖವನ್ನು ನನ್ನಿಂದ ಕದ್ದವಳು, ಈಗ ನನ್ನ ಕೈಯನ್ನೂ ಕೇಳುತ್ತಾಳೆ!

“ನನ್ನ ಕೈ ಚೆನ್ನಾಗಿದೆ,” ಎಂದಳು. “ನೀವು ಹೊರಡಿ.”

ನೀರಬಾಗಿಲನ್ನು ಎತ್ತಿದರು. ದೋಣಿ ನಿಧಾನವಾಗಿ ಆಚೆ ಹೋಯಿತು. ದೋಣಿ ದಾಟಲೆಂದು ತೆರೆದ ಅದೇ ಬಾಗಿಲಲ್ಲಿ, ದೋಣಿಯ ಅಲೆ ಇಳಿಯುವ ಮೊದಲೇ, ಒಬ್ಬ ಒಳಕ್ಕೆ ಬಂದ.

ಮೂಗು ಬೇರೆ, ಗಲ್ಲ ಬೇರೆ, ನಡಿಗೆ ಬೇರೆ. ಹುಬ್ಬುಗಳ ನಡುವಿನ ಜಾಗ ಅದೇ.

ಅವಳು ಮಣೆಯಿಂದ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ತೋಳು ತಾನಾಗಿ ಎದ್ದಿತು. ಬೆರಳು ಅರ್ಧ ದಾರಿ ಬಂದು ನಿಂತವು. ಬಂದವನು ಆ ಕೈಯನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ, ಹಳೆಯ ಪರಿಚಯದವನ ಹಾಗೆ ತಲೆಬಾಗಿಸಿ ಪಕ್ಕಕ್ಕೆ ಸರಿದು ನೇರವಾಗಿ ಒಲೆಯಾಕೆಯ ಮನೆಯೊಳಗೆ ಹೋದ. ಕಟ್ಟೆಯ ಮೇಲಿನ ಕಾವಲುಗಾರರಲ್ಲಿ ಒಬ್ಬ ಅವನಿಗೆ ದಾರಿ ಬೇರೆ ಬಿಟ್ಟುಕೊಟ್ಟ.

ಒಲೆಯಾಕೆ ಬಾಗಿಲಿಗೆ ಓಡಿ ಬಂದಳು. ಒಳಗೆ ಅವಳ ಒಲೆಯ ಮುಂದೆ ಅವನು ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು. ತಿಕ್ಕಿ ತೊಳೆದ ಅಚ್ಚು ಅವನ ಮುಂದೆ ಫಳಫಳ ಹೊಳೆಯುತ್ತಿತ್ತು.

“ಕಾವಲಕ್ಕ,” ಎಂದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ, ಆದರೂ ಹೊಸ್ತಿಲ ಮೇಲೆ ನೆಟ್ಟಗೆ ನಿಂತಳು. “ನನಗೆ ಗೊತ್ತು. ಈಗ ಹೊಡೀಲೇಬೇಕು. ಒಬ್ಬನೇ ಇರುವಾಗಲೇ ಹೊಡೀರಿ. ಹೋದ ಸಲ ನನ್ನ ಉಳಿಸಿದ್ರಿ, ಅದೇ ಸಾಕು. ಈ ಸಲ ಕರುಣೆ ತೋರಿಸ್ಬೇಡಿ.”

ಕಾವಲುಗಾರ್ತಿಯ ಹೊಟ್ಟೆಯಲ್ಲಿ ವರ್ಷಗಟ್ಟಲೆ ಕೂತಿದ್ದದ್ದು ಆಗ ಗಂಟಲಿಗೆ ಬಂತು.

“ಕರುಣೆ ತೋರಿಸಿದ್ದು ಯಾರು ಕಣೇ!” ಎಂದು ಅರಚಿದಳು. “ಅವತ್ತು ನಿನ್ನ ಮನೆ ಬೀಳಲೀ ಅಂತಲೇ ಹೊಡೆದೆ! ನಿನ್ನ ಕೊಲ್ಲೋಕೇ ಹೊಡೆದೆ! ನನ್ನ ಕೈಲಿ ಆಗ್ಲಿಲ್ಲ! ಇವತ್ತೂ ಆಗಲ್ಲ! ನೋಡು!” ತೋಳು ಮೇಲೆತ್ತಿ ಕೈಯನ್ನು ಬೀದಿಗೆ ತೋರಿಸಿದಳು. “ನೋಡ್ರೋ ಎಲ್ಲ! ಈ ಕೈ ಮುಚ್ಚಲ್ಲ! ಕೊಳದ ಹತ್ರಾನೂ ಮುಚ್ಚಿರ್ಲಿಲ್ಲ! ಗೆದ್ದಿದ್ದು ನಾನಲ್ಲ!”

ಬೀದಿಯಲ್ಲಿದ್ದವರು ನಿಂತಲ್ಲೇ ನಿಂತರು. ಬಗೆಬಗೆಯ ಮುಖ ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದರು. ದೋಣಿ ಆಗಲೇ ಕಾಲುವೆಯ ತಿರುವಿನ ಹತ್ತಿರವಿತ್ತು. ಕೂಗಿದರೆ ಕೇಳುವ ದೂರವಲ್ಲ. ಕಾವಲುಗಾರ್ತಿ ನಗಾರಿಯ ಕಡೆ ತಿರುಗಿದಳು. ಕೋಲುಗಳಿಗಾಗಿ ತಡಕಾಡಿದಳು, ಇರಲಿಲ್ಲ. ಹೂವನ್ನು ಬಾಚಿ ಕಾಲುವೆಗೆ ಎಸೆದು, ಮಡಚಲಾರದ ಆ ಅಂಗೈಯನ್ನೇ ಎತ್ತಿ ಚರ್ಮದ ಮೇಲೆ ಬಾರಿಸಿದಳು.

ಊರು ಬೆಚ್ಚಿಬಿತ್ತು. ಎಷ್ಟೋ ದಿನದ ಮೌನದ ಮೇಲೆ ಬಿದ್ದ ಸದ್ದು ಅದು. ಒಲೆಯ ಮುಂದಿದ್ದವರಿಗೂ ಕೇಳಿತು, ಅಟ್ಟದ ಮೇಲಿದ್ದವರಿಗೂ ಕೇಳಿತು. ಜನ ಮನೆಗಳಿಂದ ಹೊರಗೆ ಬಂದರು. ಅವಳು ಮತ್ತೆ ಬಾರಿಸಿದಳು.

ಯಜಮಾನ ಓಡಿ ಬಂದು ಅವಳ ತೋಳು ಹಿಡಿದುಕೊಂಡ. “ನಿಲ್ಸು! ಏನಾಗಿದೆ ನಿಂಗೆ? ಜನ ಹೆದರ್ತಾರೆ!”

“ಹೆದರ್ಲಿ!” ಎಂದಳು. “ಹೆದರಬೇಕಾದಾಗ ಹೆದರ್ಲಿ! ನೀವು ತೊಳೆಸಿದ ಅಚ್ಚಿನ ಮುಂದೆ ಕೂತಿದಾನೆ, ಹೋಗಿ ಹೊಂದಿಕೊಳ್ಳಿ ಯಜಮಾನ್ರೇ!”

ಅವನನ್ನು ಭುಜದಿಂದ ನೂಕಿ ಮತ್ತೆ ಬಾರಿಸಿದಳು. ಅಂಗೈ ಕೆಂಪಾಯಿತು, ಹಳೆಯ ಗೀರುಗಳು ಬಿರಿದವು, ನಗಾರಿಯ ಮೇಲೆ ರಕ್ತದ ಗುರುತು ಬಿತ್ತು. ಅವಳು ನಿಲ್ಲಿಸಲಿಲ್ಲ. ಒಲೆಯಾಕೆ ಹೊಸ್ತಿಲ ಮೇಲೆ ನಿಂತು ಅವಳನ್ನೇ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ, ಬಂದವನ ಮುಂದಿನಿಂದ ಅಚ್ಚನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡು ಹೊರಗೆ ಬಂದು ಕೂತಳು. ಅವನು ಅವಳ ಹಿಂದೆಯೇ ಬಂದು ಅಚ್ಚಿಗೆ ಕೈ ಹಾಕಿದ. ಅವಳು ಬಿಡಲಿಲ್ಲ.

ತಿರುವಿನಲ್ಲಿ ದೋಣಿ ತಳ್ಳುವ ಗಣೆ ಮೇಲೆದ್ದಿತು. ಯಾರೋ “ತಿರುಗಿಸ್ತಿದಾರೆ!” ಎಂದು ಕೂಗಿದರು.

ಅಷ್ಟರಲ್ಲಿ ದಾರದಜ್ಜಿ ಗುಂಪನ್ನು ಸರಿಸಿಕೊಂಡು ಬಂದಳು. ಅವಳ ಕೈಯಲ್ಲಿ ಹೊಸ ದಾರದ ಉಂಡೆಯಿತ್ತು. ಹೊಡೆತ ಹೊಡೆತವೇ, ಗೋಡೆಗೆ ಬಿದ್ದರೇನು, ನಗಾರಿಗೆ ಬಿದ್ದರೇನು, ಅವಳ ಕಾಲುಗಳು ಅಭ್ಯಾಸದಿಂದಲೇ ಬಂದಿದ್ದವು.

“ಕೈ ಕೊಡು ಮಗಳೇ,” ಎಂದಳು, ಅದೇ ಮೆತ್ತಗಿನ ದನಿಯಲ್ಲಿ.

ಕಾವಲುಗಾರ್ತಿ ಬಾರಿಸುವುದನ್ನು ಬಿಡದೆ ಒಲೆಯಾಕೆಯ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು.

“ಕಟ್ಟು ಅಜ್ಜಿ. ಯಾರು ಬೇಡ ಅಂದ್ರು? ಆದ್ರೆ ಈ ಸಲ ಮೊದಲು ಅವನ ಕೈಗೆ ಕಟ್ಟು.”

ಅಜ್ಜಿ ದಾರದ ಉಂಡೆ ಹಿಡಿದುಕೊಂಡು ನಿಂತಳು. ಮಗಳ ಅಂಗೈ ನೋಡಿದಳು, ರಕ್ತ ನೋಡಿದಳು, ಬಾಗಿಲಲ್ಲಿ ಅಚ್ಚಿಗಾಗಿ ಎಳೆದಾಡುತ್ತಿದ್ದ ಇಬ್ಬರನ್ನು ನೋಡಿದಳು. ಆಮೇಲೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಂಡು, ಸೀರೆ ಎತ್ತಿ ಕಟ್ಟಿ, ಒಲೆಯಾಕೆಯ ಮನೆಯ ಕಡೆ ಬಿರಬಿರನೆ ನಡೆದಳು.